ದಸರೆಗೆ ಕಾಠ್ಮಂಡುವಿನಲ್ಲಿ ಮನೆ ಮತ್ತು ನಾಯಿ ಕಾಯುವುದು: ನನ್ನ ಅನುಭವ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೌಸ್ ಸಿಟ್ಟಿಂಗ್ ಮಾಡೋಕೆ ಆಗಲ್ಲ ಅಂತ ನನಗೆ ಹೇಳದವರು ಕಡಿಮೆ. ಹೌಸ್ ಸಿಟ್ಟಿಂಗ್ ಅಂದರೆ ಮನೆಯವರು ಪ್ರವಾಸ ಹೋದಾಗ ಅವರ ಮನೆ, ನಾಯಿ, ಬೆಕ್ಕು ನೋಡಿಕೊಂಡು ಅಲ್ಲೇ ಪುಕ್ಕಟೆ ಉಳಿಯೋದು. ವೀಸಾ ಸಿಗಲ್ಲ, ಸಿಕ್ಕರೂ ಯಾರೂ ನಮ್ಮ ಕೈಗೆ ಮನೆಯ ಕೀಲಿ ಕೊಡಲ್ಲ ಅಂದರು. ಸಿರ್ಸಿ ಕಡೆಯ ಅಡಿಕೆ ತೋಟದವನಿಗೆ ಇದೆಲ್ಲ ಯಾಕೆ ಅಂತಲೂ ಅಂದರು. ನಮ್ಮ ದೊಡ್ಡಪ್ಪ ನೇರವಾಗಿಯೇ ಕೇಳಿದರು: "ನಾಯಿ ಕಾಯಲೆ ಅಷ್ಟು ದೂರ ಹೋಗವನ ಮಾಣಿ? ಮನೆ ನಾಯಿ ಸಾಕಾಗ್ತಿಲ್ಯ?" ಈಗ ನಾನೂ ನನ್ನ ಹೆಂಡತಿಯೂ ಪ್ರತಿ ವರ್ಷ ಹೋಗುತ್ತಿದ್ದೇವೆ. ಬಾಡಿಗೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲರಂತೆ ನಾವೂ ಬ್ರಿಟನ್, ನ್ಯೂಜಿಲೆಂಡ್ ಕಡೆಗೇ ಅರ್ಜಿ ಹಾಕಿದೆವು. ಇಂಥ ಮನೆಗಳ ಜಾಹೀರಾತು ಬರುವ ಒಂದು ಸೈಟಿನ ಸದಸ್ಯತ್ವಕ್ಕೆ ಹತ್ತು ಸಾವಿರದ ಹತ್ತಿರ ಹೋಯಿತು, ಇನ್ನೊಂದು ಸೈಟಿಗೆ ನಾಲ್ಕೈದು ಸಾವಿರ. ಒಳ್ಳೆಯ ಮನೆ ಕಂಡರೆ ಐದು ಅರ್ಜಿ ಬರುವಷ್ಟರಲ್ಲಿ ಜಾಹೀರಾತೇ ಮುಚ್ಚಿಕೊಳ್ಳುತ್ತದೆ. ನಮ್ಮ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಆ ಐದರೊಳಗೆ ಬರೋದು ಹೇಗೆ? ಉತ್ತರ ಬಂದ ಒಂದೆರಡು ಕಡೆಯೂ ವೀಸಾ ಮಾತು ಬಂದ ಕೂಡಲೇ ಸುಮ್ಮನಾದರು. ಅವರ ಹಿಂಜರಿಕೆಗೆ ಕಾರಣ ಇದೆ. 2022ರಲ್ಲಿ ಹೀಗೇ ಬೆಕ್ಕು ನೋಡಿಕೊಳ್ಳಲು ಹೊರಟಿದ್ದ ಆಸ್ಟ್ರೇಲಿಯಾದ ಒಬ್ಬರನ್ನು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರು. ಸಂಬಳ ಇಲ್ಲದಿದ್ದರೂ ಉಳಿಯಲು ಮನೆ ಸಿಗುತ್ತದಲ್ಲ, ಹಾಗಾಗಿ ಬೆಕ್ಕು ನೋಡಿಕೊಳ್ಳುವುದೂ ಕೆಲಸವೇ ಅನ್ನುವುದು ಅಲ್ಲಿನ ಅಧಿಕಾರಿಗಳ ವಾದ. ಅವರಿಗೇ ಹಾಗಾದರೆ ನಮ್ಮ ಗತಿ?

ಆಗ ನನ್ನ ಹೆಂಡತಿ ಹೇಳಿದ್ದು ನೇಪಾಳ. 1950ರ ಭಾರತ-ನೇಪಾಳ ಒಪ್ಪಂದದಿಂದ ನಮಗೆ ಅಲ್ಲಿ ವೀಸಾ ಬೇಡ, ಇರಬಹುದು, ದುಡಿಯಲೂಬಹುದು. ಗಡಿಯಲ್ಲಿ "ನಾಯಿ ನೋಡಿಕೊಳ್ಳೋಕೆ ಬಂದಿದ್ದೇವೆ" ಅಂತ ಧೈರ್ಯವಾಗಿ ಹೇಳಬಹುದು. ಬೇರೆ ದೇಶದ ಸಿಟ್ಟರ್‌ಗಳಿಗೆ ಇಲ್ಲದ ಅನುಕೂಲ ಇದು. ನಮ್ಮವರು ಯಾಕೆ ಇದನ್ನು ಬಳಸೋದಿಲ್ಲ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಾಠ್ಮಂಡು ಪಕ್ಕದ ಪಾಟನ್, ಸಾನೇಪಾ, ಝಮ್ಸಿಖೇಲ್ ಕಡೆ ವಿದೇಶಿ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ತುಂಬಾ ಇದ್ದಾರೆ. ಬೀದಿಯಿಂದ ಎತ್ತಿ ತಂದು ಸಾಕಿದ ನಾಯಿ ಹೆಚ್ಚಿನವರ ಮನೆಯಲ್ಲಿ ಉಂಟು. ಮನೆ ಕೆಲಸಕ್ಕೆ ಒಬ್ಬ ದೀದಿ ಇರುತ್ತಾಳೆ. ವರ್ಷವಿಡೀ ಅವಳೇ ನಾಯಿ ನೋಡಿಕೊಳ್ಳುತ್ತಾಳೆ. ಆದರೆ ದಶೈಂ, ಅಂದರೆ ಅಲ್ಲಿನ ದಸರೆ, ಬಂತು ಅಂದರೆ ದೀದಿ ಊರಿಗೆ ಹೋಗಲೇಬೇಕು. ಅರ್ಧ ಪೇಟೆ ಖಾಲಿ. ಅದೇ ಅಕ್ಟೋಬರ್‌ನಲ್ಲಿ ಟ್ರೆಕ್ಕಿಂಗ್ ಸೀಸನ್ನೂ ಬರುತ್ತದೆ, ಮನೆಯವರು ಅನ್ನಪೂರ್ಣ ಕಡೆ ಹೊರಟು ನಿಂತಿರುತ್ತಾರೆ. ನಾಯಿ ನೋಡುವವರು ಯಾರೂ ಇಲ್ಲ. ನಮ್ಮ ಲೆಕ್ಕಕ್ಕೆ ಇದು ಹೇಗೆ ಕೂಡಿ ಬಂತು ನೋಡಿ: ಆ ಹೊತ್ತಿಗೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆದು ಮುಗಿದಿರುತ್ತದೆ, ಅಡಿಕೆ ಗೊನೆ ಕೊಯ್ಲು ಇನ್ನೂ ಶುರುವಾಗಿರೋದಿಲ್ಲ. ಕೊಟ್ಟಿಗೆಗೆ ತಮ್ಮ ಇದ್ದಾನೆ. ಮೂರು ವಾರ ಆರಾಮಾಗಿ ಸಿಗುತ್ತದೆ.

ಹೊಸಬರಿಗೆ ರಿವ್ಯೂ ಇಲ್ಲ ಅನ್ನೋದೇ ದೊಡ್ಡ ತಲೆನೋವು. ನಾವು ಬೆಂಗಳೂರಲ್ಲಿ ಪರಿಚಯದವರ ಮನೆಗಳಲ್ಲಿ ವಾರ ವಾರ ಇದ್ದು ಪತ್ರ ಬರೆಸಿಕೊಂಡೆವು. ಪ್ರೊಫೈಲ್‌ಗೆ ಬೆಟ್ಟದ ಮುಂದೆ ನಿಂತ ಫೋಟೋ ಹಾಕಲಿಲ್ಲ. ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವ, ನಾಯಿಯ ಕಿವಿಯಿಂದ ಉಣುಗು ತೆಗೆಯುವ ಫೋಟೋ ಹಾಕಿದೆವು. ಮೊದಲ ಮೆಸೇಜಿನ ಮೂರನೇ ಸಾಲಿನಲ್ಲಿ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಅದಕ್ಕೆ ಉತ್ತರ ಬರದೇ ಇದ್ದದ್ದು ತೀರಾ ಕಡಿಮೆ. ಆ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯೋದಿಲ್ಲ, ಕ್ಷಮಿಸಿ, ಅದೇ ನಮ್ಮ ಬಂಡವಾಳ.

ಇನ್ನೊಂದು ಮಾತು. ನಾವು ಮಾಂಸ ಮುಟ್ಟೋದಿಲ್ಲ, ಅಲ್ಲಿನ ನಾಯಿಗಳಿಗೆ ಕೋಳಿ ಬೇಯಿಸಿ ಅನ್ನದ ಜೊತೆ ಕಲಸಿ ಹಾಕುವ ರೂಢಿ. ಇದನ್ನು ಮೊದಲ ವಿಡಿಯೋ ಕಾಲ್‌ನಲ್ಲೇ ಹೇಳಿಬಿಡುತ್ತೇವೆ. ಇದೊಂದರಿಂದಲೇ ಕೆಲಸ ಕೆಡುತ್ತದೆ ಅಂತ ನೆಂಟರೆಲ್ಲ ಅಂದಿದ್ದರು. ಕೆಡಲಿಲ್ಲ. ದೀದಿ ಊರಿಗೆ ಹೋಗುವ ಮುಂಚೆ ಬೇಯಿಸಿ, ದಿನಕ್ಕೊಂದು ಡಬ್ಬಿಯಂತೆ ಫ್ರೀಜರ್‌ಗೆ ಹಾಕಿಡುತ್ತಾಳೆ. ಒಂದು ಮನೆಯವರು ಒಣ ಫುಡ್‌ಗೆ ಬದಲಾಯಿಸಿದರು, ಆದರೆ ಹೊಟ್ಟೆ ಕೆಡಬಾರದಲ್ವಾ, ಒಂದು ವಾರ ಮೊದಲೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ ಅಂತ ನಾವೇ ಹೇಳಿದ್ದೆವು.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ 100 ರೂಪಾಯಿಗೆ ಅಲ್ಲಿನ 160, ಇದು ವರ್ಷಗಳಿಂದ ಬದಲಾಗಿಲ್ಲ. ಪಾಟನ್‌ನಲ್ಲಿ ಸಾಧಾರಣ ಗೆಸ್ಟ್ ಹೌಸ್ ದಿನಕ್ಕೆ 2,500 ನೇಪಾಳಿ ರೂಪಾಯಿ ಹಿಡಿಯಿರಿ. ಮೂರು ವಾರಕ್ಕೆ ನಮ್ಮ ದುಡ್ಡಲ್ಲಿ 33 ಸಾವಿರದ ಹತ್ತಿರ ಉಳಿಯಿತು. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿ, ಆಮೇಲೆ ಬಸ್ಸು. ಬಸ್ಸಿನ ದಾರಿ ಕೆಟ್ಟದ್ದು, ಇಡೀ ದಿನ ತಿನ್ನುತ್ತದೆ. ಹೋಗುವಾಗ ಹಾಗೆ, ಬರುವಾಗ ದಿಲ್ಲಿವರೆಗೆ ವಿಮಾನ, ತಲೆಗೆ ಏಳೆಂಟು ಸಾವಿರ. ವಿಮಾನಕ್ಕೆ ಆಧಾರ್ ನಡೆಯೋದಿಲ್ಲ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಊಟ, ತಿರುಗಾಟ ಎಲ್ಲ ಸೇರಿ ಇಬ್ಬರಿಗೆ ನಲವತ್ತು ಸಾವಿರದೊಳಗೆ ಮುಗಿಯುತ್ತದೆ. 2024ರಿಂದ ಅಲ್ಲಿನ ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ, ಎಲ್ಲ ಕಡೆ ಅಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ದುಡ್ಡು ಹೋದದ್ದೂ ಇದೆ. ಒಂದು ಮನೆಯವರು ನಾವು ಹೊರಡಲು ನಾಲ್ಕೈದು ದಿನ ಇರುವಾಗ ಪ್ರಯಾಣ ರದ್ದು ಅಂದರು. ರೈಲು ಟಿಕೆಟ್ ಕ್ಯಾನ್ಸಲ್ ಮಾಡಿದ್ದಕ್ಕೆ ದುಡ್ಡು ಕಡಿತವಾಯಿತು, ವಿಮಾನದ್ದಂತೂ ಪೂರ್ತಿ ಮುಳುಗಿತು. ಕೇಳಿದರೆ ಸಾರಿ ಅಂದರು, ಅಷ್ಟೇ. ಅವತ್ತಿನಿಂದ ಮನೆಯವರ ಟಿಕೆಟ್ ನೋಡದೆ ನಾವು ನಮ್ಮ ಟಿಕೆಟ್ ಮಾಡೋದಿಲ್ಲ. ಇದಕ್ಕೆ ಬೇಜಾರು ಮಾಡಿಕೊಳ್ಳುವವರ ಮನೆ ಬೇಡ.

ಸೇರಿದ ಮೊದಲ ದಿನ ನಾನು ನೋಡೋದು ನೀರು. ಕಾಠ್ಮಂಡುವಿನಲ್ಲಿ ನಲ್ಲಿ ನೀರು ನಂಬಿ ಕೂರೋಕೆ ಆಗಲ್ಲ. ನೆಲದಡಿಯ ಟ್ಯಾಂಕು, ಪಂಪು, ತಾರಸಿ ಮೇಲಿನ ಟ್ಯಾಂಕು, ಟ್ಯಾಂಕರ್‌ನವನ ನಂಬರ್ ಎಲ್ಲ ತಿಳಿದಿರಬೇಕು. ಹಬ್ಬದಲ್ಲಿ ಟ್ಯಾಂಕರ್‌ನವನೂ ಊರಿಗೆ ಹೋಗಿರುತ್ತಾನೆ, ಹಾಗಾಗಿ ಟ್ಯಾಂಕು ತುಂಬಿಸಿಟ್ಟೇ ಹೋಗಲು ಮನೆಯವರಿಗೆ ಹೇಳಬೇಕು. ಗ್ಯಾಸ್ ಸಿಲಿಂಡರ್‌ಗೂ ಇದೇ ಮಾತು. ನಾಯಿ ಡಾಕ್ಟರು ಯಾರು, ಎಷ್ಟು ಖರ್ಚಿನವರೆಗೆ ನಾವೇ ತೀರ್ಮಾನ ಮಾಡಬಹುದು ಅನ್ನೋದನ್ನು ಬರೆಸಿಕೊಂಡಿರುತ್ತೇವೆ.

ರೇಬೀಸ್ ಲಸಿಕೆ ನಾವಿಬ್ಬರೂ ಮೊದಲೇ ಹಾಕಿಸಿಕೊಂಡಿದ್ದೇವೆ. ಮೊದಲೇ ಹಾಕಿಸಿಕೊಂಡವರಿಗೆ ಕಚ್ಚಿದ ಮೇಲೆ 0 ಮತ್ತು 3ನೇ ದಿನ ಎರಡು ಡೋಸ್ ಸಾಕಾಗುತ್ತದೆ, ದುಬಾರಿ ಇಮ್ಯುನೋಗ್ಲೋಬುಲಿನ್ ಬೇಡ. ಸಂಜೆ ಮೇಲೆ ಅಲ್ಲಿನ ಬೀದಿ ನಾಯಿಗಳು ಗುಂಪು ಕಟ್ಟುತ್ತವೆ. ನಾನು ಕೊಡೆ ಹಿಡಿದೇ ಹೋಗೋದು, ಎದುರಿಗೆ ಪಟ್ ಅಂತ ಬಿಚ್ಚಿದರೆ ಹಿಂದೆ ಸರಿಯುತ್ತವೆ. ಒಂದು ಸಲ ಬುಢಾನೀಲಕಂಠದಲ್ಲಿ ಮನೆ ಸಿಕ್ಕಿತ್ತು, ಹಿಂದೆಯೇ ಶಿವಪುರಿ ಕಾಡು. ಚಿರತೆ ಇಳಿದು ಬರುವ ಜಾಗ. ಮಲೆನಾಡಿನವರಿಗೆ ಇದು ಹೊಸದೇ? ಕತ್ತಲಾದ ಮೇಲೆ ನಾಯಿ ಒಳಗೆ, ಬಾಗಿಲು ಭದ್ರ. ಆ ವರ್ಷ ಮಳೆ ತಡವಾಗಿ ಬಿಟ್ಟಿತ್ತು, ಕಾಡಿನ ದಾರಿಯಲ್ಲಿ ಉಂಬಳ ಇನ್ನೂ ಇದ್ದವು. ನಮ್ಮ ಕಾಲಿಗಾದರೆ ಹೊಗೆಸೊಪ್ಪಿನ ನೀರು ಹಚ್ಚಬಹುದು, ನಾಯಿಗೆ ಅದು ವಿಷ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಅದರ ಬೆರಳ ಸಂದಿಗೆ ಹಚ್ಚಿ ನೋಡಿದೆ. ಸ್ವಲ್ಪ ಕಡಿಮೆ ಹತ್ತಿದವು ಅನಿಸಿತು, ಪೂರ್ತಿ ನಿಲ್ಲಲಿಲ್ಲ, ಮನೆಯ ಬಿಳಿ ಕಾರ್ಪೆಟ್ ಮಾತ್ರ ಹಳದಿ ಆಗುವುದರಲ್ಲಿತ್ತು. ಕೊನೆಗೆ ಡಾಂಬರು ರಸ್ತೆಯಲ್ಲೇ ತಿರುಗಾಡಿಸಿದೆವು.

ಅಡುಗೆಯಲ್ಲೂ ಒಂದು ಪ್ರಯೋಗ ನಡೆಯಿತು. ಅಲ್ಲಿ ಟಿಮುರ್ ಅಂತ ಒಂದು ಮಸಾಲೆ ಕಾಳು ಸಿಗುತ್ತದೆ, ನಮ್ಮ ಜುಮ್ಮನಕಾಯಿಯ ಜಾತಿಯದೇ, ಬಾಯಲ್ಲಿ ಜುಮ್ ಅನ್ನೋದು ಇನ್ನೂ ಜಾಸ್ತಿ. ಹೆಂಡತಿ ಅದರದ್ದೇ ತಂಬುಳಿ ಮಾಡಿದಳು. ನಾಲ್ಕು ಕಾಳು ಸಾಕು, ಎಂಟು ಹಾಕಿದರೆ ನಾಲಿಗೆ ಮರಗಟ್ಟುತ್ತದೆ.

ಆಗುವುದಾದರೆ ತಿಹಾರ್, ಅಂದರೆ ಅಲ್ಲಿನ ದೀಪಾವಳಿ, ಮುಗಿಸಿಯೇ ಊರಿಗೆ ಹೊರಡಿ. ನಮ್ಮಲ್ಲಿ ನರಕ ಚತುರ್ದಶಿ ಇದ್ದ ಹಾಗೆ ಅಲ್ಲಿ ಕುಕುರ್ ತಿಹಾರ್, ನಾಯಿಗೆ ಹಾರ ಹಾಕಿ ಹಣೆಗೆ ಟೀಕಾ ಇಟ್ಟು ಪೂಜೆ. ನಾವು ಕಾಯುತ್ತಿದ್ದ ನಾಯಿಗೂ ಮಾಡಿ ಮನೆಯವರಿಗೆ ಫೋಟೋ ಕಳಿಸಿದೆವು, ಅದಾದ ಮೇಲೆ ಅವರ ಸ್ನೇಹಿತರಿಂದಲೇ ನಮಗೆ ಕರೆ ಬರತೊಡಗಿತು. ಈಗ ಸೈಟಿನ ಸದಸ್ಯತ್ವ ಬಿಟ್ಟಿದ್ದೇವೆ.

ಭೂತಾನ್ ಯಾಕೆ ನೋಡಬಾರದು ಅಂತ ಕೆಲವರು ಕೇಳಿದರು. ನೋಡಿದೆವು. ಅಲ್ಲಿ ಭಾರತೀಯರಿಗೂ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ. ಇಬ್ಬರಿಗೆ ಮೂರು ವಾರ ಅಂದರೆ 50 ಸಾವಿರ ದಾಟಿತು. ಮನೆ ಪುಕ್ಕಟೆ ಸಿಕ್ಕಿಯೂ ಲೆಕ್ಕ ಕೂಡೋದಿಲ್ಲ, ಕೈಬಿಟ್ಟೆವು. ಈಗ ನೇಪಾಳದ್ದೇ ಪೋಖರಾದಲ್ಲಿ ಒಂದು ಮನೆಯ ಮಾತುಕತೆ ನಡೆದಿದೆ, ಎರಡು ಬೆಕ್ಕು, ಒಂದು ಮುದಿ ನಾಯಿ. ಮುದಿ ನಾಯಿಗೆ ದಿನಕ್ಕೆರಡು ಸಲ ಮಾತ್ರೆ ಕೊಡಬೇಕಂತೆ, ಅದಕ್ಕೆ ಈಗಲೇ ಮನೆ ನಾಯಿಗೆ ಬೆಲ್ಲದುಂಡೆಯಲ್ಲಿ, ಚಪಾತಿಯಲ್ಲಿ ಮುಚ್ಚಿ ಕೊಟ್ಟು ನೋಡುತ್ತಿದ್ದೇನೆ. ಚಪಾತಿಗೆ ತುಪ್ಪ ಸವರಿದರೆ ಅಗಿಯದೆ ನುಂಗುತ್ತದೆ.