ವಿದೇಶದ ಮೆಡಿಕಲ್ ಓದಿಗೆ ನಾನು ದುಡ್ಡು ಹೊಂದಿಸಿದ ಬಗೆ

ಹೊರದೇಶದಲ್ಲಿ ಮೆಡಿಕಲ್ ಓದಬೇಕು ಅಂತ ಹೊರಟಾಗ ನಾನು ಮೊದಲು ನೋಡಿದ್ದು ಅಮೆರಿಕವನ್ನು. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಹೊರಗಿನವರಿಗೆ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಲ್ಲಿನ ನಾಗರಿಕರೋ ಗ್ರೀನ್ ಕಾರ್ಡ್ ಇದ್ದವರೋ ಜಾಮೀನು ನಿಲ್ಲಬೇಕು. ಕೆಲವು ಮೆಡಿಕಲ್ ಕಾಲೇಜುಗಳಂತೂ ನಾಲ್ಕೂ ವರ್ಷದ ಫೀಸನ್ನು ಮೊದಲೇ ಠೇವಣಿ ಇಡಿ ಅನ್ನುತ್ತವೆ. ಆ ಬಾಗಿಲು ಅಲ್ಲಿಗೇ ಮುಚ್ಚಿತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಆದರೆ ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಕಟ್ಟಿಡಬೇಕು, ಪಾಠವೆಲ್ಲ ಜರ್ಮನ್ ಭಾಷೆಯಲ್ಲಿ. ಅಷ್ಟು ಭಾಷೆ ಕಲಿಯುವವರೆಗೆ ಕಾಯಲು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೆ ಇಟಲಿ ಕೈ ಹಿಡಿಯಿತು. ಅಲ್ಲಿ ಐಮ್ಯಾಟ್ ಪರೀಕ್ಷೆ ಬರೆದರೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೇ ಇಂಗ್ಲಿಷ್‌ನಲ್ಲಿ ಆರು ವರ್ಷದ ಮೆಡಿಕಲ್ ಓದಬಹುದು. ಫೀಸು ಮನೆಯ ಆದಾಯ ನೋಡಿ ನಿಗದಿಯಾಗುತ್ತದೆ. ಅದರ ಜೊತೆಗೆ ಆಯಾ ಪ್ರಾಂತ್ಯದ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಉಂಟು. ಪಿಯೆಮೊಂತೆಯಲ್ಲಿ ಎಡಿಸು, ಎಮಿಲಿಯಾ ರೊಮಾನ್ಯಾದಲ್ಲಿ ಎರ್ಗೊ, ಹೀಗೆ ಬೇರೆ ಬೇರೆ ಪ್ರಾಂತ್ಯಕ್ಕೆ ಬೇರೆ ಬೇರೆ ಸಂಸ್ಥೆಗಳು. ಇಟಲಿಯ ಮಕ್ಕಳಿಗೆ ಇರುವ ಯೋಜನೆಯೇ ನಮಗೂ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅರ್ಜಿ ಹಾಕಲು ಸೀಟು ಸಿಗಲಿ ಅಂತ ಕಾದರೆ ಕೆಟ್ಟಿರಿ. ಬಹಳ ಕಡೆ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಐಮ್ಯಾಟ್ ಫಲಿತಾಂಶಕ್ಕಿಂತ ಮೊದಲೇ ಬರುತ್ತದೆ. ನಾನು ಸೀಟು ಸಿಕ್ಕೀತೆಂಬ ನಂಬಿಕೆಯ ಮೇಲೆಯೇ ಅರ್ಜಿ ಹಾಕಿದ್ದೆ.

ಎಲ್ಲಕ್ಕಿಂತ ಜಾಸ್ತಿ ಕಷ್ಟಪಟ್ಟಿದ್ದು ಐಎಸ್‌ಇಇ ಎಂಬ ಲೆಕ್ಕಕ್ಕೆ. ಕುಟುಂಬದಲ್ಲಿ ಎಷ್ಟು ಜನ, ಆದಾಯವೆಷ್ಟು, ಮನೆಯಿದೆಯಾ, ಬ್ಯಾಂಕಿನಲ್ಲಿ ಎಷ್ಟಿದೆ, ಎಲ್ಲ ಸೇರಿಸಿ ಮನೆಯ ಆರ್ಥಿಕ ಸ್ಥಿತಿ ತೋರಿಸುವ ಒಂದು ಸಂಖ್ಯೆ ತೆಗೆಯುತ್ತಾರೆ. ಕಾಗದಗಳಿಗೆ ಅಪೋಸ್ಟಿಲ್ ಮುದ್ರೆ (ಹೊರದೇಶದಲ್ಲಿ ಒಪ್ಪಲು ನಮ್ಮ ಸರ್ಕಾರ ಹಾಕುವ ದೃಢೀಕರಣ) ಬೇಕು, ಇಟಾಲಿಯನ್ ಅನುವಾದ ಬೇಕು. ನಾನು ಹಿಂದಿನ ವರ್ಷದ ಆದಾಯ ಪತ್ರ ಹಿಡಿದು ಹೋಗಿದ್ದೆ. ಬೇಕಾಗಿದ್ದು ಅದಕ್ಕೂ ಒಂದು ವರ್ಷ ಹಿಂದಿನದು, ಬ್ಯಾಂಕಿನಲ್ಲಿದ್ದ ಹಣದ ಲೆಕ್ಕವೂ ಅದೇ ವರ್ಷದ ಡಿಸೆಂಬರ್ 31ರದ್ದು. ಮನೆಗೆ ಫೋನ್ ಮಾಡಿ ಅತ್ತೇಬಿಟ್ಟೆ. ಅಪ್ಪ ಮತ್ತೆ ಮೊದಲಿನಿಂದ ಎಲ್ಲ ಕಚೇರಿ ಸುತ್ತಿ ಮೂಲ ಪ್ರತಿ ಕೊರಿಯರ್ ಮಾಡಿದರು.

ಲೆಕ್ಕ ಹಾಕುವುದು ಕಾಫ್ ಎಂಬ ನೆರವು ಕಚೇರಿಯವರು. ಅಲ್ಲಿದ್ದ ಮೇಡಂ ನಮ್ಮ ಮನೆಯ ಪತ್ರವನ್ನು ಎರಡು ಸಲ ತಿರುಗಿಸಿ ನೋಡಿದರು. ಅದರಲ್ಲಿ ಅಳತೆ ಚದರ ಅಡಿಯಲ್ಲಿತ್ತು. ಅವರಿಗೆ ಬೇಕಾದದ್ದು ಚದರ ಮೀಟರ್. ಕ್ಯಾಲ್ಕುಲೇಟರ್ ನನ್ನ ಕಡೆ ತಳ್ಳಿದರು. 900ನ್ನು 10.76ರಿಂದ ಭಾಗಿಸಿ ತೋರಿಸಿದೆ, ಸುಮಾರು 84 ಬಂತು. ಹೊರದೇಶದ ಮನೆಗೆ ಚದರ ಮೀಟರ್‌ಗೆ 500 ಯೂರೊ ಅಂತ ಹಿಡಿಯುತ್ತಾರೆ, ಊರಲ್ಲಿ ಬೆಲೆ ಏನೇ ಇರಲಿ. ಅಳತೆ ಬರೆದಿಲ್ಲದ ಪತ್ರ ತಂದ ಹುಡುಗನೊಬ್ಬನನ್ನು ನನ್ನೆದುರಿಗೇ ವಾಪಸ್ ಕಳಿಸಿದರು. ಹಾಗಾಗಿ ನನ್ನನ್ನು ಕೇಳುವವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಮನೆಯ ಅಳತೆ ಕಾಗದದಲ್ಲಿ ಕಾಣಬೇಕು.

ಮೊದಲ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಅರ್ಹ, ಆದರೆ ಹಣವಿಲ್ಲ' ಎಂಬ ಅರ್ಥದ ಮಾತಿತ್ತು. ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಹಾಗೆ ಬಂದವರಿಗೂ ಫೀಸು ಮಾಫಿ ಇದ್ದೇ ಇರುತ್ತದೆ. ಮುಂದಿನ ಪಟ್ಟಿಯಲ್ಲಿ ಹಣವೂ ಮಂಜೂರಾಯಿತು. ಆದರೆ ಮೊದಲ ಕಂತು ಕೈಗೆ ಬಂದಾಗ ಡಿಸೆಂಬರ್ ಮುಗಿಯುತ್ತಿತ್ತು. ಅಲ್ಲಿಯವರೆಗಿನ ಬಾಡಿಗೆ, ಊಟ ಎಲ್ಲ ಕೈಯಿಂದಲೇ. ಅದಕ್ಕಾಗಿ ಅಮ್ಮ ಸಾಲ ಮಾಡಿದ್ದರು. ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ನಿಜ. ಮೆಡಿಕಲ್ ಮೊದಲ ವರ್ಷದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಕ್ರೆಡಿಟ್ ವಿಷಯ, ಅಂದರೆ ಪರೀಕ್ಷೆ ಪಾಸಾದಂತೆ ಖಾತೆಗೆ ಸೇರುವ ಅಂಕಗಳು. ಎರಡನೇ ಕಂತು ಬೇಕಾದರೆ ಆಗಸ್ಟ್ 10ರೊಳಗೆ 20 ಕ್ರೆಡಿಟ್ ಪಾಸಾಗಿರಬೇಕು. ನವೆಂಬರ್ 30ರೊಳಗೂ ಆಗದಿದ್ದರೆ ಪಡೆದ ಹಣವನ್ನೇ ಹಿಂದಿರುಗಿಸಬೇಕು. ವರ್ಷಕ್ಕೆ 60 ಇರುವಾಗ 20 ಏನು ಮಹಾ ಅನ್ನಿಸುತ್ತೆ, ಅಲ್ವಾ? ಮೆಡಿಕಲ್‌ನಲ್ಲಿ ಹಲವು ವಿಷಯಗಳನ್ನು ಸೇರಿಸಿ ಒಂದೇ ದೊಡ್ಡ ಪರೀಕ್ಷೆ ಮಾಡಿರುತ್ತಾರೆ. ಒಂದು ಭಾಗ ಪಾಸಾಗಿ ಇನ್ನೊಂದು ಉಳಿದರೆ ಒಂದು ಕ್ರೆಡಿಟ್ಟೂ ಸೇರುವುದಿಲ್ಲ. ಜುಲೈ ಹೊತ್ತಿಗೆ ನನ್ನ ಖಾತೆಯಲ್ಲಿ ಇದ್ದದ್ದು 13. ರಸಾಯನಶಾಸ್ತ್ರದ ಭಾಗ ಚಳಿಗಾಲದಲ್ಲೇ ಮುಗಿದಿತ್ತು, ಬಯೋಕೆಮಿಸ್ಟ್ರಿ ಬಾಕಿ. ಅನಾಟಮಿಯನ್ನು ಬದಿಗಿಟ್ಟು ಮೂರು ವಾರ ಅದೊಂದನ್ನೇ ಓದಿದೆ. ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರ್ ಖಾಲಿ ಹಾಳೆ ಕೊಟ್ಟು ಯೂರಿಯಾ ಚಕ್ರ ಬರೆಯಲು ಹೇಳಿದರು. ಕೈ ನಡುಗುತ್ತಿತ್ತು, ಆದರೂ ಬರೆದೆ. 15 ಕ್ರೆಡಿಟ್ ಒಟ್ಟಿಗೆ ಸೇರಿ 28 ಆಯಿತು.

ಎರಡನೇ ವರ್ಷದ ವಿದ್ಯಾರ್ಥಿವೇತನಕ್ಕೆ 25 ಸಾಕಿತ್ತು. ಕಡಿಮೆ ಬಿದ್ದವರು 5 ಬೋನಸ್ ಕ್ರೆಡಿಟ್ ಬಳಸಿಕೊಳ್ಳಬಹುದು. ಅದನ್ನು ಮುಟ್ಟದೆ ಉಳಿಸಿಕೊಂಡರೆ ಮೂರನೇ ವರ್ಷಕ್ಕೆ ಅದೇ 12 ಆಗುತ್ತದೆ. ನಾನು ಉಳಿಸಿಕೊಂಡೆ.