ಹಳೇ ಬಿಲ್‌ಗಳಿಂದಲೇ ಮುಂದಿನ ಸ್ಟಾಕ್ ಲೆಕ್ಕ ಹಾಕುವುದು ಹೇಗೆ?

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ರೇಟು ಏರಿದ ಕೂಡಲೇ ಸುತ್ತಲಿನ ಹಳ್ಳಿಗಳಲ್ಲಿ ನಾಟಿ ಜೋರಾಗುತ್ತದೆ, ನಮ್ಮಂಥ ಗೊಬ್ಬರ-ಬೀಜದ ಅಂಗಡಿಯವರು ಅಂದಾಜಿನ ಮೇಲೆ ಸಾಮಾನು ತಂದು ಗೋಡೌನ್ ತುಂಬಿಸುತ್ತೇವೆ. ಆಮೇಲೆ ಮಲ್ಚಿಂಗ್ ಶೀಟ್ (ಹೊಲದ ಮಣ್ಣಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ) ರಾಶಿ ಉಳಿಯುತ್ತದೆ, ಗಿಡ ಕಟ್ಟುವ ದಾರ ಮಾತ್ರ ಬೇಕಾದ ವಾರದಲ್ಲೇ ಖಾಲಿ. ಹಳೇ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಜಾಡನ್ನು ಹುಡುಕಿದರೆ ಈ ಅಂದಾಜು ಎಷ್ಟೋ ಸರಿಹೋಗುತ್ತದೆ. ಹೀಗೆ ಹುಡುಕುವುದಕ್ಕೇ ಡೇಟಾ ಮೈನಿಂಗ್ ಅನ್ನುತ್ತಾರೆ.

ಮೊದಲು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. 'ವ್ಯಾಪಾರ ಜಾಸ್ತಿ ಆಗಬೇಕು' ಅನ್ನುವುದು ಪ್ರಶ್ನೆ ಅಲ್ಲ. 'ದಾರ ಯಾವ ವಾರ ಎಷ್ಟು ತರಿಸಬೇಕು?' ಇದು ಪ್ರಶ್ನೆ.

ಆಮೇಲೆ ಲೆಕ್ಕ ಇಡುವ ಕ್ರಮ. ಒಂದು ಬಿಲ್‌ನಲ್ಲಿ ನಾಲ್ಕು ಸಾಮಾನಿದ್ದರೆ ಎಕ್ಸೆಲ್‌ನಲ್ಲಿ ನಾಲ್ಕು ಸಾಲು ಬರೆಯಿರಿ: ಬಿಲ್ ನಂಬರ್, ತಾರೀಖು, ಆ ಗಿರಾಕಿಗೆ ನೀವು ಕೊಟ್ಟ ನಂಬರ್, ಸಾಮಾನು, ಎಷ್ಟು, ರೇಟು. ಗಿರಾಕಿಯ ಹೆಸರು, ಫೋನ್ ನಂಬರ್ ಇಲ್ಲಿ ಬೇಡ, ಅದು ಅವರ ಸ್ವಂತ ವಿಷಯ, ಬೇರೆ ಕಡೆ ಭದ್ರವಾಗಿರಲಿ. ಸಾಮಾನಿನ ಹೆಸರು ಎಲ್ಲ ಕಡೆ ಒಂದೇ ಇರಬೇಕು. ನಮ್ಮಲ್ಲಿ ಒಬ್ಬರು 'ಮಲ್ಚಿಂಗ್ ಶೀಟ್', ಇನ್ನೊಬ್ಬರು 'ಮಲ್ಚಿಂಗ್ ಪೇಪರ್', ಮತ್ತೊಬ್ಬರು ಬರೀ 'ಶೀಟ್' ಅಂತ ಹೊಡೆದಿದ್ದರು. ಕಂಪ್ಯೂಟರ್‌ಗೆ ಅವು ಮೂರು ಬೇರೆ ಸಾಮಾನು! ಅದನ್ನು ಸರಿ ಮಾಡೋಕೆ ಮೂರು ಭಾನುವಾರ ಹಿಡಿಯಿತು. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ತಪ್ಪು.

ದಿನದ ಬಿಲ್ಲಿಂಗ್ ಸಾಫ್ಟ್‌ವೇರ್ ಅದರ ಪಾಡಿಗೆ ನಡೆಯಲಿ. ತಿಂಗಳಿಗೊಮ್ಮೆ ಅದರಿಂದ ಪ್ರತಿ ತೆಗೆದು ಬೇರೆ ಜಾಗಕ್ಕೆ ಸೇರಿಸುತ್ತಾ ಹೋಗಿ. ದೊಡ್ಡ ಕಂಪನಿಗಳು ಡೇಟಾ ವೇರ್‌ಹೌಸ್ ಅನ್ನುವುದು ಇಂಥ ಜಾಗಕ್ಕೇ, ವರ್ಷಗಳ ಲೆಕ್ಕ ಒಂದೇ ಕಡೆ, ಒಂದೇ ರೀತಿಯಲ್ಲಿ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಸುತ್ತದೆ, ಸಣ್ಣ ಅಂಗಡಿಗೆ ಧಾರಾಳ ಸಾಕು. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಲೇಬೇಕು. ಹೇಗೂ ಇಡುತ್ತೀರಿ, ಉಪಯೋಗಕ್ಕೆ ಬರುವ ಹಾಗೆ ಇಡಿ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಅಂಗಡಿಯಿಂದ ಹೊರಗೆ. ನಮ್ಮ ಹಾರ್ಡ್ ಡಿಸ್ಕ್ ಒಂದು ಮಳೆಗಾಲ ಕೆಟ್ಟು ಎರಡು ವರ್ಷದ ಬಿಲ್ ಹೋಯಿತು, ಆ ಸಂಕಟ ನಿಮಗೆ ಬೇಡ.

ಈಗ ಹುಡುಕುವ ಕೆಲಸ. ಉದಾಹರಣೆಗೆ 200 ಗಿರಾಕಿಗಳು ಅಂದುಕೊಳ್ಳಿ. 50 ಜನ ದಾರ ಕೊಂಡಿದ್ದಾರೆ, ಅಂದರೆ ನೂರಕ್ಕೆ 25. ಮಲ್ಚಿಂಗ್ ಶೀಟ್ ಕೊಂಡವರು 40, ಅವರಲ್ಲಿ 30 ಜನ ದಾರವನ್ನೂ ಕೊಂಡಿದ್ದಾರೆ, ನೂರಕ್ಕೆ 75. ಮೂರು ಪಟ್ಟು! ಹೀಗೆ ಎಷ್ಟು ಪಟ್ಟು ಅನ್ನುವುದಕ್ಕೆ ಲಿಫ್ಟ್ ಅನ್ನುತ್ತಾರೆ. ಯೂರಿಯಾ ನೋಡಿ: 200ರಲ್ಲಿ 120 ಜನ, ಶೀಟ್ ಕೊಂಡ 40ರಲ್ಲಿ 24 ಜನ. ಎರಡೂ ನೂರಕ್ಕೆ 60. ಲಿಫ್ಟ್ ಒಂದು, ಅಂದರೆ ಸಂಬಂಧ ಏನೂ ಇಲ್ಲ, ಶೀಟ್ ಕೊಂಡವರೂ ಕೊಳ್ಳದವರೂ ಯೂರಿಯಾ ಒಂದೇ ಪ್ರಮಾಣದಲ್ಲಿ ಕೊಳ್ಳುತ್ತಾರೆ ಅಷ್ಟೇ. ಲಕ್ಷಾಂತರ ಬಿಲ್‌ಗಳಲ್ಲಿ ಇಂಥ ಜೋಡಿಗಳನ್ನು ಬೇಗ ಹುಡುಕುವ ಅಪ್ರಿಯೋರಿ ವಿಧಾನವನ್ನು ಐಬಿಎಂನಲ್ಲಿದ್ದ ರಾಕೇಶ್ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1994ರಲ್ಲಿ ಕೊಟ್ಟರು. ನಮಗೆ ಎಕ್ಸೆಲ್‌ನಲ್ಲೇ ಇರುವ, ಸಾಲುಗಳನ್ನು ಗುಂಪು ಮಾಡಿ ಎಣಿಸಿ ಕೊಡುವ ಪಿವೋಟ್ ಟೇಬಲ್ ಸಾಕು.

ಇಲ್ಲೊಂದು ಕಡೆ ನಾನು ಎಡವಿದ್ದೆ. ಮೊದಲು ಬಿಲ್ ಪ್ರಕಾರ ನೋಡಿದಾಗ ಶೀಟಿಗೂ ದಾರಕ್ಕೂ ನಂಟೇ ಕಾಣಲಿಲ್ಲ. ಯಾಕೆಂದರೆ ಶೀಟ್ ಹಾಸುವುದು ನಾಟಿಗೆ ಮುಂಚೆ, ಕಡ್ಡಿ ನೆಟ್ಟು ದಾರ ಕಟ್ಟುವುದು ನಾಟಿಯಾದ ಮೂರ್ನಾಲ್ಕು ವಾರಕ್ಕೆ. ಎರಡೂ ಒಂದೇ ಬಿಲ್‌ನಲ್ಲಿ ಎಲ್ಲಿ ಬರಬೇಕು? ಗಿರಾಕಿ ಪ್ರಕಾರ, 45 ದಿನದ ಖರೀದಿ ಸೇರಿಸಿ ನೋಡಿದಾಗ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಬೆಳೆ ಗೊತ್ತಿದ್ದವರಿಗೇ ಇದು ಹೊಳೆಯುವುದು, ಸಾಫ್ಟ್‌ವೇರ್ ತಾನಾಗಿ ಹೇಳಲ್ಲ.

ಸಿಕ್ಕ ಜಾಡನ್ನು ಸುಮ್ನೆ ನಂಬಬೇಡಿ. ಹಿಂದಿನ ವರ್ಷದ ಲೆಕ್ಕದಲ್ಲಿ ಕಂಡದ್ದು ಈ ವರ್ಷದ ಲೆಕ್ಕದಲ್ಲೂ ಇದೆಯಾ ನೋಡಿ. ಮಂಡಿ ರೇಟನ್ನೂ ಪಕ್ಕದ ಕಾಲಂನಲ್ಲಿ ಬರೆಯಿರಿ, ರೇಟು ಬಿದ್ದರೆ ದಾರ ಕಟ್ಟದೇ ಹೊಲ ಬಿಟ್ಟುಬಿಡುವ ರೈತರೂ ಇದ್ದಾರೆ.

ನಾವೀಗ ಶೀಟಿನ ಬಿಲ್ ಆದ ದಿನವೇ, ಮೂರು ವಾರ ಮುಂದಿನ ತಾರೀಖಿನ ಎದುರು ಆ ಶೀಟಿಗೆ ಬೇಕಾಗುವಷ್ಟು ದಾರ ಬರೆದಿಡುತ್ತೇವೆ. ಸೋಮವಾರ ಬೆಳಿಗ್ಗೆ ಆ ಪಟ್ಟಿ ನೋಡಿಯೇ ಆರ್ಡರ್ ಕೊಡುವುದು.