ಹದಿನಾಲ್ಕನೆಯ ಹಂದಿಗಾಗಿ ಕಾದದ್ದು

ನಮ್ಮ ರಕ್ಷಿತ ಜೌಗು ಪ್ರದೇಶದಲ್ಲಿ ಹೊರಗಿನಿಂದ ಬಂದು ಬೀಡುಬಿಟ್ಟ ಕಾಡುಹಂದಿಗಳ ಹಿಂದೆ ಮೊದಲ ಎರಡು ವರ್ಷ ಸುರಿದ ದುಡ್ಡನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಹಣ ಬೇಲಿಗೇ ಹೋಯಿತು. ಒಂದೇ ಮಳೆಗಾಲದಲ್ಲಿ ಮೂರು ಮರ ಉರುಳಿ ಬೇಲಿ ನೆಲ ಕಚ್ಚಿತು. ಬಂದೂಕು ಹಿಡಿದರೆ ಒಂದು ಬೀಳುತ್ತಿತ್ತು, ಉಳಿದವು ಚದುರಿ ರಾತ್ರಿ ಮಾತ್ರ ಹೊರಬರತೊಡಗಿದವು. ಪೆಟ್ಟಿಗೆ ಬೋನಿಗೆ ಸಿಕ್ಕಿದ್ದು ಎರಡು ಮರಿ. ಹೊರಗೆ ನಿಂತು ನೋಡಿದ ತಾಯಿ ಮತ್ತೆ ಆ ಕಡೆ ಸುಳಿಯಲಿಲ್ಲ. ದುಡ್ಡು ಕೊಟ್ಟು ಹಂದಿಗಳಿಗೆ ಪಾಠ ಹೇಳಿದಂತಾಯಿತು.

ವರ್ಷಕ್ಕೆ ನೂರರಲ್ಲಿ ಸುಮಾರು 70ನ್ನು ತೆಗೆಯದಿದ್ದರೆ ಸಂತತಿ ಇಳಿಯದು ಎನ್ನುತ್ತಾರೆ ಈ ಕೆಲಸ ಬಲ್ಲವರು. ಹಿಡಿದರೆ ಇಡೀ ಹಿಂಡು, ಇಲ್ಲದಿದ್ದರೆ ಒಂದೂ ಬೇಡ, ಅಲ್ಲಿಯವರೆಗೆ ಬೋನಿನಲ್ಲಿ ಮೇವು ಹಾಕುತ್ತಾ ಕಾಯುವುದೇ ಎಂದು ಹಟ ಹಿಡಿದೆ. 'ಹಂದಿ ಸಾಕುತ್ತಿದ್ದೀರಾ?' ಎಂದು ಜೊತೆಯವರು ನಕ್ಕರು. ಪೆಸಿಫಿಕ್ ಸಾಗರದ ಗಲಾಪಗೋಸ್‌ನ ಸಾಂಟಿಯಾಗೋ ದ್ವೀಪದಲ್ಲಿ 18,000ಕ್ಕೂ ಹೆಚ್ಚು ಹಂದಿ ತೆಗೆಯಲು ಸುಮಾರು 30 ವರ್ಷ ಬೇಕಾಯಿತು. ನನ್ನ ಮೇಲಧಿಕಾರಿಗೆ 30 ದಿನ ಕಾಯುವ ತಾಳ್ಮೆಯೂ ಇರಲಿಲ್ಲ.

ಹತ್ತು ಮೀಟರ್ ಅಗಲದ ದುಂಡು ಬೋನು ಕಟ್ಟಿದೆ. ಮೂಲೆಯಿದ್ದರೆ ಒಂದರ ಮೇಲೊಂದು ಹತ್ತಿ ಹಾರುತ್ತವೆ. ಮೊದಲು ಒಣ ಮೆಕ್ಕೆಜೋಳ ಹಾಕಿದೆ, ಜಿಂಕೆಗಳು ತಿಂದು ಹೋದವು. ಐದಾರು ದಿನ ನೀರಿನಲ್ಲಿ ಹುಳಿಬರಿಸಿದ ಮೇಲೆ ಜಿಂಕೆಗಳು ಬರುವುದು ಕಡಿಮೆಯಾಯಿತು. ಒಮ್ಮೆ ಜೀಪಿನೊಳಗೆ ಬಕೆಟ್ಟಿನ ಮುಚ್ಚಳ ಸಿಡಿದು ತಿಂಗಳುಗಟ್ಟಲೆ ಯಾರೂ ನನ್ನ ಪಕ್ಕ ಕೂರಲಿಲ್ಲ. ಕೊನೆಯ ದಿನ ಅದಕ್ಕೆ ಬೆರೆಸುವ ಒಂದು ಹಿಡಿ ಏನೆಂಬುದು ನನ್ನಲ್ಲೇ ಇರಲಿ.

ಹಿಂಡಿನಲ್ಲಿ 14 ಇದ್ದವು. ಹತ್ತನೆಯ ರಾತ್ರಿಯ ಹೊತ್ತಿಗೆ 13 ಒಳಗೆ ಬಂದು ಉಣ್ಣುತ್ತಿದ್ದವು. ಎಡಗಿವಿ ಹರಿದ ಮುದಿ ಹೆಣ್ಣೊಂದು ಮಾತ್ರ ಮುಂಗಾಲೊಂದನ್ನು ಹೊಸ್ತಿಲೊಳಗಿಟ್ಟು, ಗಾಳಿ ಮೂಸಿ, ಹಿಂದೆ ಸರಿಯುತ್ತಿತ್ತು. ಒತ್ತಿದರೆ ಬೋನಿನ ಬಾಗಿಲು ಬೀಳುವ ಮೊಬೈಲ್ ಪರದೆಯ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದೆ. 'ಬೀಳಿಸಿ ಸಾರ್, 13 ಸಾಲದೇ?' ಎಂದು ಕಾವಲುಗಾರ ಗೋಗರೆದ. ಒತ್ತಲಿಲ್ಲ. ಹತ್ತೊಂಬತ್ತನೆಯ ರಾತ್ರಿಯೋ ಇಪ್ಪತ್ತನೆಯದೋ, ಮುದುಕಿ ಒಳಗೆ ಬಂದು ತಲೆ ತಗ್ಗಿಸಿತು. ಬಾಗಿಲು ಬಿತ್ತು.

ಬೇಟೆಯಲ್ಲಿ ಹಂದಿಯೊಂದಕ್ಕೆ ತಗಲಿದ್ದ ಖರ್ಚಿನ ಮೂರನೆಯ ಒಂದು ಭಾಗವೂ ಈ ಬೋನಿನಲ್ಲಿ ಆಗಲಿಲ್ಲ. ಆಮೇಲೆ ಇನ್ನೂ ನಾಲ್ಕು ಹಿಂಡು ಹೀಗೆಯೇ ಸಿಕ್ಕವು. ಬೇರೆ ಹಿಂಡಿನ ದಾರಿ ತೋರಲಿ ಎಂದು ಒಂದು ಹೆಣ್ಣಿಗೆ ಜಿಪಿಎಸ್ ಪಟ್ಟಿ ಕಟ್ಟಿ ಬಿಟ್ಟಿದ್ದೆ. ಅದು ಪೊದೆ ಸೇರಿ ಐದು ಮರಿ ಹಾಕಿತು. ಆ ಬುದ್ಧಿವಂತಿಕೆಯ ಖರ್ಚನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಉತ್ತರದ ಅಂಚಿನಲ್ಲಿ ಒಂಟಿ ಗಂಡೊಂದು ಇನ್ನೂ ಉಳಿದಿದೆ. ಬೋನಿನ ಸುತ್ತ ಗೊರಸಿನ ಗುರುತುಗಳಿವೆ, ಒಳಗೆ ಒಂದೂ ಇಲ್ಲ. ನಿನ್ನೆ ಮತ್ತೆ ಜೋಳ ನೆನೆಹಾಕಿದ್ದೇನೆ.